ಮೊದಲಿನಿಂದ ಹೇಳಬೇಕೇ?

12 ನವೆಂಬರ್ 2024, ಮಂಗಳವಾರ

ಸಮಾಜಕಾರ್ಯದ ವಿದ್ಯಾರ್ಥಿನಿಯಾಗಿ ನಾನು ಮಾಡುತ್ತಿರುವ ಈ ಸೆಮಿಸ್ಟರಿನ ಕ್ಷೇತ್ರಕಾರ್ಯ ಇನ್ನು ಕೆಲವೇ ವಾರಗಳಲ್ಲಿ ಮುಗಿಯುತ್ತದೆ ಎಂದು, ಅದಕ್ಕಾಗಿ ನಾನು ಭೇಟಿಯಾಗುತ್ತಿರುವ ಅಜ್ಜಿಗೆ ಇಂದು ತಿಳಿಸಿದೆ. ಸಂಬಂಧವನ್ನು ಮುಕ್ತಾಯಗೊಳಿಸುವುದೂ ಕೆಲಸದ ಒಂದು ಹಂತವೇ, ಅದನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬಾರದು, ಎದುರಿಗಿರುವವರ ಮನಸ್ಸು ಸಿದ್ಧವಾಗಲು ಸಮಯ ಸಿಗಬೇಕು ಎಂದು ಕೇಸ್‌ವರ್ಕ್ (ಒಬ್ಬೊಬ್ಬ ವ್ಯಕ್ತಿಯ ಜೊತೆ ನೇರವಾಗಿ ಮಾಡುವ ಸಮಾಜಕಾರ್ಯ) ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆದ್ದರಿಂದಲೇ ಮುಂಚಿತವಾಗಿ ಹೇಳಿದೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಹೋದ ವರ್ಷ ಬಂದಿದ್ದ ಹುಡುಗನೂ ಹೀಗೆಯೇ ಹೇಳಿದ್ದ. ನನ್ನ ಕಥೆಯನ್ನೆಲ್ಲ ಅವನಿಗೂ ಹೇಳಿದ್ದೆ, ನಿನಗೂ ಹೇಳಿದೆ. ಇನ್ನು ಬರುವವರಿಗೂ ಮೊದಲಿನಿಂದ ಹೇಳಬೇಕೇನಮ್ಮ?”

“ಬೇಸರವಾಯಿತೇ ಅಜ್ಜಿ?”

“ಬೇಸರವೇನಿಲ್ಲ. ಹೇಳಿ ಹೇಳಿ ಅದು ಬೇರೆ ಯಾರದೋ ಕಥೆ ಅನ್ನಿಸಿಬಿಟ್ಟಿದೆ.”

ಆ ಕಥೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಆದರೆ ಈ ಮಾತು ಸಂಜೆಯಿಂದ ನನ್ನನ್ನು ಬಿಡುತ್ತಿಲ್ಲ. ಇಂದಿನ ಭೇಟಿ ನನ್ನ ಹಾಜರಿ ಪುಸ್ತಕದಲ್ಲಿ ಕ್ಷೇತ್ರಕಾರ್ಯದ ಗಂಟೆಗಳಾಗಿ ಸೇರಿತು, ಸಹಿಯೂ ಬಿತ್ತು. ಅಜ್ಜಿಯ ಲೆಕ್ಕಕ್ಕೆ ಏನು ಸೇರಿತು? ನಾವು ಕಲಿಯುವುದು ಇನ್ನೊಬ್ಬರ ಅತ್ಯಂತ ಕಷ್ಟದ ದಿನಗಳಲ್ಲಿ, ಮತ್ತು ಆ ಕಲಿಕೆ ಮುಗಿಯುವುದು ಅವರ ಕಷ್ಟ ಮುಗಿದಾಗಲ್ಲ, ನಮ್ಮ ಸೆಮಿಸ್ಟರ್ ಮುಗಿದಾಗ. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ.

ನಾಳೆ ಸಮಾಜಕಾರ್ಯದ ಇತಿಹಾಸದ ಪರೀಕ್ಷೆ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಷಿಕಾಗೋದಲ್ಲಿ ಹಲ್ ಹೌಸ್ ಎಂಬ ನೆರೆಹೊರೆಯ ಸೇವಾಕೇಂದ್ರವನ್ನು ಆರಂಭಿಸಿದರು ಎಂಬುದನ್ನು ಇಸವಿಯೊಂದಿಗೆ ಬಾಯಿಪಾಠ ಮಾಡಿದ್ದೆ. ಇವತ್ತು ಮಾತ್ರ ಅದೇ ಪುಟದ ಇನ್ನೊಂದು ಸಂಗತಿಯ ಮೇಲೆ ಕಣ್ಣು ನಿಂತಿತು: ಅವರು ಅಲ್ಲಿಗೆ ಭೇಟಿ ಕೊಡುತ್ತಿರಲಿಲ್ಲ, ವಲಸೆ ಬಂದ ಕಾರ್ಮಿಕರ ನೆರೆಯಲ್ಲೇ ವಾಸವಾಗಿದ್ದರು. ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗಲೂ ಅವರ ಮನೆ ಹಲ್ ಹೌಸೇ ಆಗಿತ್ತು. ಬಡವರಿಗೆ ಸಿಗುವ ನೆರವನ್ನು ವ್ಯವಸ್ಥಿತಗೊಳಿಸಲು ಹುಟ್ಟಿದ್ದ ಅದೇ ಕಾಲದ ದಾನ ಸಂಘಟನಾ ಸಂಘಗಳ ಸ್ವಯಂಸೇವಕರು ಬಡವರ ಮನೆಗಳಿಗೆ ಹೋಗಿ ಬರುತ್ತಿದ್ದರು. ಒಳ್ಳೆಯ ಮನಸ್ಸೊಂದೇ ಸಾಲದು, ತರಬೇತಿ ಬೇಕು ಎಂದು ಅಂಥ ಸಂಘಗಳಲ್ಲೇ ದುಡಿಯುತ್ತಿದ್ದ ಮೇರಿ ರಿಚ್ಮಂಡ್ ಒತ್ತಾಯಿಸಿದ ಮೇಲೆ 1898ರಲ್ಲಿ ನ್ಯೂಯಾರ್ಕಿನಲ್ಲಿ ಬೇಸಿಗೆ ತರಬೇತಿ ಆರಂಭವಾಯಿತು. ನಮ್ಮ ಪದವಿಯ ಬೇರು ಅಲ್ಲಿದೆ. ನಾವು ಹೋಗಿ ಬರುವವರ ವಂಶದವರು, ಉಳಿದವರ ವಂಶದವರಲ್ಲ.

ಪರೀಕ್ಷೆಗೆ ಇದನ್ನು ಬರೆದರೆ ಅಂಕ ಬರುತ್ತದೆಯೋ ಇಲ್ಲವೋ, ಬರೆಯುತ್ತೇನೆ.

ಊಟದ ನಂತರ ಗೆಳತಿ ಫೋನು ಮಾಡಿದಳು. ನಾನು ಅತಿಯಾಗಿ ಹಚ್ಚಿಕೊಂಡಿದ್ದೇನೆ ಎಂಬುದು ಅವಳ ಅಭಿಪ್ರಾಯ. ಕೇಸ್‌ವರ್ಕ್ ಸಂಬಂಧ ಹೇಗಿರಬೇಕೆಂದು ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ತ್ವಗಳಲ್ಲಿ ಭಾವನೆಗಳ ಮೇಲಿನ ಹತೋಟಿಯನ್ನು ನೆನಪಿಸಿದಳು. ಆದರೆ ಹತೋಟಿ ಎಂದರೆ ನೋಯದಿರುವುದು ಎಂದು ನನಗನ್ನಿಸುವುದಿಲ್ಲ. ಅವರ ನೋವಿಗೆ ಸ್ಪಂದಿಸುತ್ತಲೇ, ನನ್ನ ಸಂಕಟವನ್ನು ಅವರ ಮೇಲೆ ಹೊರಿಸದಿರುವುದು ಅದು. ಅದೇ ಏಳರಲ್ಲಿ ಗೋಪ್ಯತೆ ಇದೆ, ಸ್ವನಿರ್ಧಾರವೂ ಇದೆ.

ಆ ಎರಡನ್ನು ಹಿಡಿದು ಈಗ ಒಂದು ದಾರಿ ಹೊಳೆಯುತ್ತಿದೆ. ಮುಂದಿನ ವಿದ್ಯಾರ್ಥಿಗೆ ಕೊಡುವ ಟಿಪ್ಪಣಿಯನ್ನು ನಾನೊಬ್ಬಳೇ ಕುಳಿತು ಬರೆಯಬಾರದು. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಅಜ್ಜಿಯನ್ನೇ ಕೇಳಿ, ಅವರ ಎದುರಿಗೇ ಬರೆದು, ಓದಿ ಹೇಳಬೇಕು. ಗುರುವಾರ ಮೇಲ್ವಿಚಾರಕರಾದ ಮೇಡಂ ಬಳಿ ಅನುಮತಿ ಕೇಳುತ್ತೇನೆ. ಅವರು ಒಪ್ಪಬಹುದು. ಅಜ್ಜಿ ಒಪ್ಪದಿದ್ದರೆ, ಏನನ್ನೂ ಬರೆಯಬೇಡ ಎಂದರೆ, ಅದು ಅವರ ಹಕ್ಕು. ಆದರೆ ಆಗ ಬರುವವರು ಮತ್ತೆ ಆ ಮೊದಲ ಪ್ರಶ್ನೆಯನ್ನೇ ಕೇಳುತ್ತಾರೆ, ಅಥವಾ ಏನನ್ನೂ ಕೇಳದೆ ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದನ್ನು ಯಾರಾದರೂ ಅವರಿಗೆ ಮೊದಲೇ ಕಲಿಸಿದ್ದರೆ