ಎಂಟನೇ ನಂಬರಿನ ತಂತಿ

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದವನು ಅರಮನೆ, ಗಡಿಯಾರ ಗೋಪುರ ಎಲ್ಲ ಬಿಟ್ಟು, ಹಟ ಹಿಡಿದು ಯೂಸ್ಟನ್‌ನಲ್ಲಿ ರೈಲು ಹತ್ತಿ ಬ್ಲೆಚ್ಲಿ ಪಾರ್ಕಿಗೆ ಹೋದೆ. ಶಿವಮೊಗ್ಗದ ತಂತಿ ಕಚೇರಿಯಲ್ಲಿ ಮೋರ್ಸ್, ಅಂದರೆ ಗಿಡ್ಡ-ಉದ್ದ ಸದ್ದಿನ ಸಂಕೇತ, ಕುಟ್ಟಿದ ಕೈ ಇದು. ನನಗೆ ಅದೇ ಕಾಶಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಒಡೆದ ಜಾಗ ಅದು, ಈಗ ಮ್ಯೂಸಿಯಂ. ಜರ್ಮನರು ಸಂದೇಶವನ್ನು ಗುಪ್ತ ಮಾಡುತ್ತಿದ್ದ ಯಂತ್ರ ಎನಿಗ್ಮಾ ಅಂದರೆ ಮರದ ಪೆಟ್ಟಿಗೆಯಲ್ಲಿ ಕೂರಿಸಿದ ಹಳೇ ಟೈಪ್‌ರೈಟರ್ ಥರ. ಒಂದು ಕೀಲಿ ಒತ್ತಿದರೆ ಬೇರೊಂದು ಅಕ್ಷರದ ದೀಪ ಹೊತ್ತುತ್ತೆ. ಒತ್ತಿದಾಗೆಲ್ಲ ಒಳಗಿನ ಗಾಲಿ ಒಂದು ಹಲ್ಲು ತಿರುಗೋದರಿಂದ ಅದನ್ನೇ ಮತ್ತೆ ಒತ್ತಿದರೆ ಇನ್ನೇನೋ ಬರುತ್ತೆ. ಆದರೆ ಒತ್ತಿದ ಅಕ್ಷರದ ದೀಪ ಮಾತ್ರ ಎಂದೂ ಹೊತ್ತೋದಿಲ್ಲ. ಸಂದು ಸಿಕ್ಕಿದ್ದು ಅಲ್ಲೇ. 1932ರಲ್ಲೇ ಪೋಲೆಂಡಿನ ಮರಿಯನ್ ರೆಯೆವ್ಸ್ಕಿ ಈ ಯಂತ್ರದ ಒಳಹೂರಣ ಲೆಕ್ಕ ಹಾಕಿ ಕಂಡುಹಿಡಿದಿದ್ದ. ನಾವೆಲ್ಲ ಬ್ಲೆಚ್ಲಿಯ ಗಣಿತಜ್ಞ ಅಲನ್ ಟ್ಯೂರಿಂಗ್ ಒಬ್ಬನನ್ನೇ ಹೊಗಳ್ತೀವಿ.

ನನ್ನ ಕಾಲು ನೆಟ್ಟಿದ್ದು ಅಲ್ಲಿಟ್ಟ ಹೆಡ್‌ಫೋನಿನ ಮುಂದೆ. ಮೋರ್ಸ್‌ನಲ್ಲಿ ಐದೈದು ಅಕ್ಷರದ ಗುಂಪು, ಒಂದಕ್ಕೂ ಅರ್ಥವಿಲ್ಲ. ಅದನ್ನು ಕಿವಿಯಲ್ಲಿ ಹಿಡಿದು ತಪ್ಪಿಲ್ಲದೆ ಬರೆದುಕೊಳ್ಳೋದು ಎಂಥ ಶಿಕ್ಷೆ ಅಂತ ನನಗೆ ಗೊತ್ತು. ಅರ್ಥ ಇದ್ದರೆ ಪೆನ್ಸಿಲ್ಲು ಸದ್ದಿಗಿಂತ ಮುಂದೆ ಓಡುತ್ತೆ. ‘ಫಾದರ್ ಸೀರಿಯಸ್’ ಅಂತ ಬಂದರೆ ‘ಸ್ಟಾರ್ಟ್ ಇಮ್ಮಿಡಿಯೇಟ್ಲಿ’ ಕೇಳಲೇಬೇಕಿರಲಿಲ್ಲ.

ಒಡೆಯುವವರೂ ಮಾಡಿದ್ದು ಇದನ್ನೇ! ಜರ್ಮನರ ಹವಾಮಾನ ವರದಿ ದಿನಾ ಒಂದೇ ಧಾಟಿಯಲ್ಲಿ ಬರೋದು. ಅದರಲ್ಲಿ ‘ವೆಟ್ಟರ್’, ಅಂದರೆ ಹವಾಮಾನ, ಅನ್ನೋ ಪದ ಇದ್ದೇ ಇರುತ್ತೆ ಅಂತ ಊಹಿಸಿ, ಪದವನ್ನು ಸಂದೇಶದ ಕೆಳಗೆ ಇಟ್ಟು ಒಂದೊಂದೇ ಮನೆ ಸರಿಸೋದು. ಎಲ್ಲಾದರೂ ಅದೇ ಅಕ್ಷರದ ಕೆಳಗೆ ಅದೇ ಅಕ್ಷರ ಬಿತ್ತೋ, ಆ ಜಾಗ ಅಲ್ಲ. ಹೀಗೆ ಕೂತ ಊಹೆ ಹಿಡಿದು ಆ ದಿನದ ಗಾಲಿಗಳ ಜೋಡಣೆ ಹುಡುಕೋದು ‘ಬಾಂಬ್’ ಅನ್ನೋ ಯಂತ್ರದ ಕೆಲಸ.

ನಮ್ಮಲ್ಲೂ ಮಳೆಗಾಲದಲ್ಲಿ ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆಯ ಲೆಕ್ಕ ಅಂಕಿಗಳಲ್ಲೇ ಬರೋದು. ಆಗುಂಬೆಯದ್ದು ಬಂದರೆ ಸಂಖ್ಯೆ ನೋಡಿಯೇ ಹೇಳ್ತಿದ್ದೆ.

ಊರಿಗೆ ಬಂದ ಮೇಲೆ ಜೊತೆಗೆ ಕೆಲಸ ಮಾಡಿದ ಗೆಳೆಯನಿಗೆ ಹೋಟೆಲಿನಲ್ಲಿ ಇದನ್ನೆಲ್ಲ ಹೇಳಿದೆ. "ಮೂವತ್ತು ಪೌಂಡಿನ ಹತ್ತಿರ ಕೊಟ್ಟು ಇದನ್ನ ನೋಡಿ ಬಂದ್ಯಾ ಮಾರಾಯ?" ಅಂದ. ಆಮೇಲೆ ಸುಮ್ಮನೆ ಚಮಚ ಎತ್ತಿ ಕಾಫಿ ಲೋಟಕ್ಕೆ ಕುಟ್ಟಿದ: ಮೂರು ಉದ್ದ, ಎರಡು ಗಿಡ್ಡ. ಎಂಟು. ಮದುವೆ ಶುಭಾಶಯದ ತಂತಿಗೆ ಇಲಾಖೆ ಕೊಟ್ಟಿದ್ದ ನಂಬರು.

"ಯಾರದೋ?" ಅಂದೆ.

"ಕಿರೀ ಮಗಳದ್ದು. ಮಾಘದಲ್ಲಿ."