ಕಂದಾಯದ ನೋಟಿಸು ಬಂದರೂ ಗಾಬರಿಯಾಗದ ಬ್ರೇಡಿ ಸಂಸಾರ

ಹಳೆಯ ಹಾಸ್ಯ ಧಾರಾವಾಹಿಯನ್ನು ಸಿನಿಮಾ ಮಾಡಲು ಹೊರಟವರು ಸಾಮಾನ್ಯವಾಗಿ ಪಾತ್ರಗಳಿಗೆ ಹೊಸ ಕಾಲದ ಬಟ್ಟೆ ತೊಡಿಸಿ ಹೊಸ ಕಾಲದ ಮಾತು ಆಡಿಸುತ್ತಾರೆ, ಇಲ್ಲವೇ ನಾಲ್ಕಾರು ಹಳೆಯ ಕಂತುಗಳನ್ನು ಸೇರಿಸಿ ಹೊಲಿದು ಒಂದು ಕಥೆಯಷ್ಟು ಉದ್ದ ಮಾಡುತ್ತಾರೆ. 1995ರಲ್ಲಿ ತೆರೆಕಂಡ ‘ದಿ ಬ್ರೇಡಿ ಬಂಚ್ ಮೂವಿ’ ಈ ಎರಡೂ ದಾರಿಗಳನ್ನು ಬಿಟ್ಟು, ಮನೆಯವರನ್ನು 1970ರ ದಶಕದಲ್ಲಿಯೇ ಉಳಿಸಿ, ಅವರ ಸುತ್ತಲಿನ ಲಾಸ್ ಏಂಜಲೀಸ್ ನಗರವನ್ನು ಮಾತ್ರ 1990ರ ದಶಕಕ್ಕೆ ತಂದಿತು. ಚಿತ್ರದ ನಗೆಯೆಲ್ಲ ಹುಟ್ಟುವುದು ಈ ಒಂದು ತೀರ್ಮಾನದಿಂದ. ಮೂಲ ಧಾರಾವಾಹಿಯ ಒಂದು ಕಂತನ್ನೂ ನೋಡದೆ ತುಮಕೂರಿನ ಮನೆಯೊಂದರಲ್ಲಿ ಕುಳಿತು ಇದನ್ನು ನೋಡಿದ ನಮಗೂ ಅದು ದಕ್ಕಿದ್ದು ಅದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಶೆರ್ವುಡ್ ಶ್ವಾರ್ಟ್ಸ್ ಸೃಷ್ಟಿಸಿದ ಮೂಲ ಧಾರಾವಾಹಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1969ರಿಂದ 1974ರವರೆಗೆ 117 ಕಂತುಗಳಲ್ಲಿ ಪ್ರಸಾರವಾಯಿತು. ಮೂವರು ಗಂಡುಮಕ್ಕಳಿರುವ ವಿಧುರ ಮೈಕ್, ಮೂವರು ಹೆಣ್ಣುಮಕ್ಕಳಿರುವ ಕ್ಯಾರಲ್ ಮದುವೆಯಾಗಿ, ಮನೆಗೆಲಸದ ಆಲಿಸ್‌ಳೊಂದಿಗೆ ಒಂದೇ ಸೂರಿನಡಿ ಬಾಳುವುದೇ ಅದರ ಕಥೆ. ಮೊದಲ ಪ್ರಸಾರದ ಕಾಲದಲ್ಲಿ ಅದು ಜನಪ್ರಿಯತೆಯ ಪಟ್ಟಿಯ ಮೊದಲ 30ರೊಳಗೆ ಒಮ್ಮೆಯೂ ಬರಲಿಲ್ಲ. ಅದು ಮನೆಮಾತಾದದ್ದು ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ವರ್ಷಗಟ್ಟಲೆ ನಡೆದ ಮರುಪ್ರಸಾರದಿಂದ.

ಚಿತ್ರದ ಕಥೆ ಬಿ.ಎಚ್. ರಸ್ತೆಯ ಅಕ್ಕಪಕ್ಕದಲ್ಲಿ ಹಳೆಯ ಮನೆ ಉಳಿಸಿಕೊಂಡಿರುವ ಯಾರಿಗಾದರೂ ಬಿಡಿಸಿ ಹೇಳಬೇಕಾದದ್ದಲ್ಲ. ನೆರೆಮನೆಯ ಡಿಟ್‌ಮೇಯರ್ ರಿಯಲ್ ಎಸ್ಟೇಟ್ ವ್ಯವಹಾರದವನು. ಬೀದಿಯ ಮನೆಗಳನ್ನೆಲ್ಲ ಕೊಂಡು ಕೆಡವಿ ಅಲ್ಲಿ ಮಾಲ್ ಕಟ್ಟಿಸುವುದು ಅವನ ಹಂಚಿಕೆ, ಅದಕ್ಕೆ ಒಪ್ಪದವರು ಬ್ರೇಡಿ ಮನೆಯವರು ಮಾತ್ರ. ಅಷ್ಟರಲ್ಲಿ ಮನೆ ಕಂದಾಯದ ಬಾಕಿ 20,000 ಡಾಲರ್ ಕಟ್ಟದಿದ್ದರೆ ಮನೆ ಕೈಬಿಡುತ್ತದೆ ಎಂಬ ನೋಟಿಸು ಬರುತ್ತದೆ. ನಮ್ಮ ಕಡೆಯಾಗಿದ್ದರೆ ಆ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ, ಅಣ್ಣತಮ್ಮಂದಿರ ನಡುವೆ ಭಾಗದ ಮಾತು ಎದ್ದಿರುತ್ತಿತ್ತು. ಬ್ರೇಡಿ ದಂಪತಿ ಮಾತ್ರ ಎಲ್ಲ ಸರಿಹೋಗುತ್ತದೆ ಎಂಬ ಮುಗುಳ್ನಗೆಯಲ್ಲೇ ಇರುತ್ತಾರೆ.

ಮೈಕ್ ವೃತ್ತಿಯಿಂದ ವಾಸ್ತುಶಿಲ್ಪಿ. ಗಿರಾಕಿ ಕೇಳಿದ್ದು ಪೆಟ್ರೋಲ್ ಬಂಕೇ ಆಗಿರಲಿ, ಅವನು ತಯಾರಿಸುವ ಮಾದರಿ ತನ್ನ ಮನೆಯ ಪ್ರತಿರೂಪವೇ ಆಗಿರುತ್ತದೆ. ಹಣ ಕೂಡಿಸಬೇಕಾದ ಮನುಷ್ಯನಿಗೆ ಆ ಮನೆಯ ಆಚೆಗೆ ಏನೂ ಕಾಣುವುದೇ ಇಲ್ಲ ಎಂಬುದನ್ನು ಒಂದು ಪುಟ್ಟ ರಟ್ಟಿನ ಕಟ್ಟಡದಲ್ಲಿ ಹೇಳಿಬಿಡುವ ಈ ಹಾಸ್ಯ ನನಗೆ ಇಡೀ ಚಿತ್ರದಲ್ಲೇ ಹೆಚ್ಚು ಮೆಚ್ಚಿಗೆಯಾದದ್ದು. ಇನ್ನು ಅವನ ಬುದ್ಧಿವಾದ. ಕಿರಿಯ ಮಗಳು ಸಿಂಡಿ ಚಾಡಿ ಹೇಳಿದಾಗ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಬೇರೆಯವರ ಮೇಲೆ ಚಾಡಿ ಹೇಳುವವರು ತಮ್ಮ ಮೇಲೆಯೇ ಹೇಳಿಕೊಂಡಂತೆ ಎಂದು ಆರಂಭಿಸಿ, ಆ ಮಾತನ್ನೇ ಸುತ್ತಿಸುತ್ತಿ, ಕೊನೆಗೆ ಏನು ಹೇಳಿದನೆಂದು ಯಾರಿಗೂ ತಿಳಿಯದಂತೆ ಮಾಡಿ, ಕೇಳಿದವರೆಲ್ಲ ತೃಪ್ತಿಯಿಂದ ತಲೆದೂಗುವ ಹಾಗೆ ಮುಗಿಸುತ್ತಾನೆ. ಜೊತೆಗೆ ನೋಡುತ್ತಿದ್ದ ನಮ್ಮ ಸೋದರತ್ತೆ, ಇಂಗ್ಲಿಷ್ ಅಷ್ಟಾಗಿ ಹಿಡಿಯದಿದ್ದರೂ, “ಥೇಟ್ ನಿಮ್ಮ ತಾತನ ಹಂಗೇ ಕಣೋ, ಶುರು ಮಾಡಿದ್ರೆ ನಿಲ್ಸೋ ಹಂಗೇ ಇಲ್ಲ” ಎಂದು ನಕ್ಕರು.

ಮೈಕ್ ಆಗಿ ನಟಿಸಿರುವ ಗ್ಯಾರಿ ಕೋಲ್ ತಾನು ತಮಾಷೆ ಮಾಡುತ್ತಿದ್ದೇನೆ ಎಂಬ ಸುಳಿವನ್ನು ಎಲ್ಲಿಯೂ ಬಿಟ್ಟುಕೊಡುವುದಿಲ್ಲ. ಕ್ಯಾರಲ್ ಪಾತ್ರದ ಶೆಲ್ಲಿ ಲಾಂಗ್ ಸಹ ಹಾಗೆಯೇ. ನಿರ್ದೇಶಕಿ ಬೆಟ್ಟಿ ಥಾಮಸ್ ಸ್ವತಃ ಕಿರುತೆರೆಯ ನಟಿಯಾಗಿ ಎಮ್ಮಿ ಪ್ರಶಸ್ತಿ ಪಡೆದವರು. ನಟರಿಗೆ ಕಣ್ಣು ಮಿಟುಕಿಸಲು ಬಿಡದ ಶಿಸ್ತು ಅಲ್ಲಿಂದಲೇ ಬಂದಿರಬೇಕು. ಅಕ್ಕ ಮಾರ್ಷಾಳ ಮೇಲಿನ ಹೊಟ್ಟೆಕಿಚ್ಚಿನಲ್ಲಿ ತಲೆಯೊಳಗೆ ದನಿಗಳನ್ನು ಕೇಳಿಸಿಕೊಳ್ಳುವ ನಡುವಿನ ಮಗಳು ಜ್ಯಾನ್, ಜೆನಿಫರ್ ಎಲೀಸ್ ಕಾಕ್ಸ್ ಅವರ ಅಭಿನಯದಲ್ಲಿ, ಎಲ್ಲರಿಗಿಂತ ಹೆಚ್ಚು ನಗಿಸುತ್ತಾಳೆ. ಮೂಲ ಧಾರಾವಾಹಿಯ ಕ್ಯಾರಲ್ ಆಗಿದ್ದ ಫ್ಲಾರೆನ್ಸ್ ಹೆಂಡರ್ಸನ್ ಇಲ್ಲಿ ಅಜ್ಜಿಯಾಗಿ ಬಂದು ಅವಳಿಗೆ ಬುದ್ಧಿ ಹೇಳುತ್ತಾರೆ. ಮೊದಲ ಆಲಿಸ್ ಆನ್ ಬಿ. ಡೇವಿಸ್ ಲಾರಿ ಓಡಿಸುವವಳಾಗಿ ಬರುತ್ತಾರೆ. ಇವು ಹಳಬರಿಗೆ ಸಲ್ಲಿಸಿದ ಮರ್ಯಾದೆ. ನಮಗೆ ಯಾರೆಂದು ಗೊತ್ತಾಗದಿದ್ದರೂ ಕಥೆಯ ಓಟಕ್ಕೆ ತೊಡಕಾಗುವುದಿಲ್ಲ.

ಕೊರತೆಗಳೂ ಇವೆ. ಮಕ್ಕಳು ಹಾಡಿನ ಸ್ಪರ್ಧೆಗೆ ಸೇರಿ, ಬೇಕಾಗಿದ್ದ 20,000 ಡಾಲರ್ ಬಹುಮಾನವನ್ನೇ ಸರಿಯಾಗಿ ಗೆದ್ದು ಬರುವುದು ತೀರಾ ಸಲೀಸಾಯಿತು. ಅಂಥ ಸುಲಭದ ಪರಿಹಾರವೇ ಹಳೆಯ ಕಂತುಗಳ ಲೇವಡಿ ಎಂದು ವಾದಿಸಬಹುದು, ಆದರೂ ಆ ಭಾಗದಲ್ಲಿ ನಗು ಇಳಿಯುತ್ತದೆ. ಇನ್ನೊಂದು ಮಾತು: ಸಂಸಾರವೊಂದರ ಕಥೆಯೆಂದು ತೀರಾ ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಅಲ್ಲಲ್ಲಿ ದ್ವಂದ್ವಾರ್ಥದ ಮಾತುಗಳಿಗೆ ದೊಡ್ಡವರು ಕೆಮ್ಮಬೇಕಾಗುತ್ತದೆ, ಅಮೆರಿಕದಲ್ಲಿಯೂ ಇದಕ್ಕೆ 13 ವರ್ಷದೊಳಗಿನವರ ಪೋಷಕರನ್ನು ಎಚ್ಚರಿಸುವ ಪ್ರಮಾಣಪತ್ರವೇ ಸಿಕ್ಕಿದ್ದು.

ನಮ್ಮಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೋಡಿ ಬೆಳೆದ ಒಂದು ತಲೆಮಾರೇ ಇದೆ. ಅವುಗಳನ್ನು ಯಾರಾದರೂ ದೊಡ್ಡ ಪರದೆಗೆ ತರುವುದಾದರೆ ಪಾಂಡುವಿನ ಕೈಗೆ ಸ್ಮಾರ್ಟ್‌ಫೋನ್ ಕೊಡುವ ಅವಸರ ಬೇಡ. ಶ್ರೀಮತಿಗೆ ಹೆದರಿ ಬದುಕುವ ಅದೇ ಪಾಂಡು, ಎದುರಿಗೆ ಇಂದಿನ ಅಪಾರ್ಟ್‌ಮೆಂಟಿನ ನೆರೆಹೊರೆ, ಇಷ್ಟಿದ್ದರೆ ಸಾಕು. ಬ್ರೇಡಿ ಚಿತ್ರದ ಎರಡನೆಯ ಭಾಗ 1996ರಲ್ಲಿ ಬೇರೆ ನಿರ್ದೇಶಕಿಯಿಂದ ಬಂತು. ಕ್ಯಾರಲ್‌ಳ ಮೊದಲ ಗಂಡನೆಂದು ಹೇಳಿಕೊಂಡು ಮನೆ ಹೊಕ್ಕ ವಂಚಕನ ಹಿಂದೆ ಕಥೆ ಹವಾಯಿಗೆ ಹೋಗುತ್ತದೆ. ಅಲ್ಲಿ ಆ ಬೀದಿಯೂ ಇಲ್ಲ, ನೆರೆಯವನ ಒತ್ತಡವೂ ಇಲ್ಲ. ನನಗೆ ಮೊದಲನೆಯದೇ ಮೇಲು.