"ಕೆಳಗಿನ ಸಣ್ಣ ಅಕ್ಷರ ಯಾರು ಓದ್ತಾರೆ ಮೇಡಂ?"

ಈ ವಾರ ಪೂರ್ತಿ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದವರು ಫ್ರೇಮ್ ಹಾಕುವವರು. ಜಗಳಕ್ಕೆ ಹೇಳಿದ್ದಲ್ಲ. ನಾವು ಯಾಕೆ ಇಷ್ಟು ಬೇಜಾರು ಮಾಡಿಕೊಂಡಿದ್ದೇವೆ ಅಂತ ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನಾನೂ ಅಲ್ಲೇ ನಿಂತು ಸರಿಯಾದ ಉತ್ತರ ಕೊಡಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೋಸ್ಟರ್ ನನ್ನದಲ್ಲ, ಗೆಳತಿಯದು. ಅವಳ ಸೋದರಮಾವ ವರ್ಷಗಟ್ಟಲೆ ಜೋಪಾನ ಮಾಡಿ, ಇನ್ನು ನೀನು ನೋಡ್ಕೋ ಅಂತ ಕೊಟ್ಟಿದ್ದು. ಅಮೆರಿಕದ ಹಳೆಯ ಒನ್ ಶೀಟ್, ಅಂದರೆ ಥಿಯೇಟರಿನಲ್ಲಿ ಹಾಕುತ್ತಿದ್ದ ಮಾಮೂಲಿ ಅಳತೆಯ ಸಿನಿಮಾ ಪೋಸ್ಟರ್. 27 ಇಂಚು ಅಗಲ, 41 ಇಂಚು ಎತ್ತರ, ಸುತ್ತಲೂ ಬಿಳಿ ಅಂಚು, ಅಡ್ಡಕ್ಕೆ ಮೂರು ಮಡಿಕೆ, ಉದ್ದಕ್ಕೆ ಒಂದು. ಆ ಮಡಿಕೆಗಳು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ಆಗಿನ ಕಾಲದಲ್ಲಿ ಅಲ್ಲಿನ ಥಿಯೇಟರುಗಳಿಗೆ ಪೋಸ್ಟರನ್ನು ಮಡಚಿಯೇ ಕಳಿಸುತ್ತಿದ್ದರು. ಸುರುಳಿ ಸುತ್ತಿ ಕಳಿಸುವುದು ಮಾಮೂಲಿಯಾದದ್ದು 1980ರ ದಶಕದಲ್ಲಿ. ಅದಕ್ಕಿಂತ ಹಿಂದಿನದು ಅನ್ನುವ ಪೋಸ್ಟರಿನಲ್ಲಿ ಮಡಿಕೆ ಇಲ್ಲದಿದ್ದರೆ ನನಗೆ ಮೊದಲು ಬರುವುದೇ ಅನುಮಾನ.

ಫ್ರೇಮ್ ಸಿದ್ಧವಾಗಿದೆ, ಜೊತೆಗೆ ಬಾ ಅಂತ ಕರೆದಳು. ಹೋದೆ. ಅವರು ಹೊದಿಸಿದ್ದ ಬಟ್ಟೆ ತೆಗೆದ ಕೂಡಲೇ ಗೊತ್ತಾಯಿತು. ಮಡಿಕೆ ಮಾಯ. ಹಿಂದೆ ಗಟ್ಟಿ ಬೋರ್ಡು. ಬಿಸಿ ಪ್ರೆಸ್‌ನಲ್ಲಿ ಅಂಟು ಕರಗಿಸಿ ಪೋಸ್ಟರನ್ನು ಅದಕ್ಕೆ ಕೂರಿಸಿಬಿಟ್ಟಿದ್ದರು. ಬಿಳಿ ಅಂಚೂ ಇಲ್ಲ. ನಾಲ್ಕೂ ಕಡೆ ಕತ್ತರಿಸಿದ್ದರು, ಚಿತ್ರ ಸೀದಾ ಫ್ರೇಮಿಗೆ ತಾಗಿಕೊಂಡಿತ್ತು. "ಅಂಚೆಲ್ಲ ಹಳದಿ ಆಗಿತ್ತು, ನೀಟಾಗಿ ಕಾಣ್ಲಿ ಅಂತ ತೆಗೆದೆ" ಅಂದರು.

ಗೆಳತಿ ಕೆಳಗಿನ ಸಾಲು ಎಲ್ಲಿ ಅಂತ ಕೇಳಿದಳು. ಆಗ ಬಂದ ಮಾತೇ ಅದು. "ಕೆಳಗಿನ ಸಣ್ಣ ಅಕ್ಷರ ಯಾರು ಓದ್ತಾರೆ ಮೇಡಂ?"

ನಾನು ಓದ್ತೀನಿ. ಹಳೆ ಪೋಸ್ಟರ್ ಸಂಗ್ರಹಿಸುವ ಯಾರನ್ನೇ ಕೇಳಿ, ಮೊದಲು ಅದನ್ನೇ ಓದುತ್ತಾರೆ. ನಾಯಕನ ಮುಖ ಆಮೇಲೆ.

1940ರಿಂದ 80ರ ದಶಕದವರೆಗೆ ಅಮೆರಿಕದ ಹೆಚ್ಚಿನ ಪೋಸ್ಟರುಗಳನ್ನು ಥಿಯೇಟರುಗಳಿಗೆ ಹಂಚುತ್ತಿದ್ದದ್ದು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಅನ್ನುವ ಸಂಸ್ಥೆ. ಅವರು ಪ್ರತಿ ಸಿನಿಮಾಕ್ಕೂ ಒಂದು ನಂಬರ್ ಕೊಡುತ್ತಿದ್ದರು. ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ, ಬಲಗಡೆ. ಮೊದಲ ಎರಡು ಅಂಕಿ ಇಸವಿ, ಆಮೇಲೆ ಒಂದು ಓರೆಗೆರೆ, ಆಮೇಲೆ ಆ ವರ್ಷದಲ್ಲಿ ಆ ಸಿನಿಮಾದ ಸಂಖ್ಯೆ. ಸಿನಿಮಾವನ್ನು ಕೆಲವು ವರ್ಷ ಬಿಟ್ಟು ಮತ್ತೆ ಬಿಡುಗಡೆ ಮಾಡಿದ್ದರೆ ಇಸವಿಯ ಎಡಕ್ಕೆ ಇಂಗ್ಲಿಷಿನ ಒಂದು 'ಆರ್' (R) ಅಕ್ಷರ ಸೇರುತ್ತಿತ್ತು. ಆ ಒಂದು ಅಕ್ಷರ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಮ್ಮ ಕೈಯಲ್ಲಿರುವುದು ಮೊದಲ ಬಿಡುಗಡೆಯದೋ, ಆಮೇಲಿನದೋ ತಿಳಿಯುತ್ತದೆ. ಒಮ್ಮೊಮ್ಮೆ ಎರಡರ ಚಿತ್ರವೂ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಆಗ ಆ ನಂಬರೇ ದಿಕ್ಕು.

ಎಷ್ಟೋ ಪೋಸ್ಟರುಗಳ ಹಿಂಬದಿಯಲ್ಲೂ ಸಿನಿಮಾದ ಹೆಸರು, ನಂಬರ್ ಇರುವ ರಬ್ಬರ್ ಸ್ಟಾಂಪ್ ಇರುತ್ತದೆ, ಮಡಚಿಟ್ಟಾಗ ಯಾವುದು ಯಾವುದೆಂದು ಗೊತ್ತಾಗಲಿ ಅಂತ. ಇದರ ಹಿಂಬದಿ ಈಗ ಬೋರ್ಡಿಗೆ ಅಂಟಿದೆ. ಮುಂದಿನದು ಕಸಕ್ಕೆ ಹೋಗಿದೆ. ತುಂಡುಗಳು ಇವೆಯಾ ಅಂತ ಕೇಳಿದೆವು. ಪಾಪ, ಅವರೇ ಬಗ್ಗಿ ಮೇಜಿನ ಕೆಳಗೆಲ್ಲ ನೋಡಿದರು. ಸಿಗಲಿಲ್ಲ.

ಆ ಮನುಷ್ಯನ ಮೇಲೆ ಕೋಪ ಇಟ್ಟುಕೊಳ್ಳುವುದು ನನಗೆ ಕಷ್ಟವಾಗುತ್ತಿದೆ. ಕೆಲಸ ಅಷ್ಟು ಶುದ್ಧವಾಗಿದೆ. ಕತ್ತರಿಸಿದ ಗೆರೆ ಕೂದಲೆಳೆಯಷ್ಟೂ ಓರೆ ಇಲ್ಲ, ಬೋರ್ಡಿನ ಮೇಲೆ ಒಂದು ಗುಳ್ಳೆ ಇಲ್ಲ. ಮದುವೆ ಫೋಟೋವನ್ನೋ ಸರ್ಟಿಫಿಕೇಟನ್ನೋ ಕೊಟ್ಟಿದ್ದರೆ ಎಲ್ಲರೂ ಮೆಚ್ಚುವ ಕೆಲಸ. ನನಗೆ ಸಿಟ್ಟು ಬಂದದ್ದು ಗೆಳತಿಯ ಅಣ್ಣನ ಮೇಲೆ. ವಿಷಯ ಕೇಳಿ "ಅದಕ್ಯಾಕೆ ಅಳ್ತೀಯಾ, ಹೊಸದಾಗಿ ಪ್ರಿಂಟ್ ತೆಗೆಸಿ ಹಾಕಿದ್ರಾಯ್ತು, ಇನ್ನೂ ಚೆನ್ನಾಗಿ ಬರುತ್ತೆ" ಅಂದನಂತೆ. ಅವನಿಗೆ ಎಲ್ಲ ವಿಷಯದಲ್ಲೂ ಹೀಗೊಂದು ಸುಲಭದ ಪರಿಹಾರ ಇರುತ್ತದೆ. ಅಳುತ್ತಿರುವವಳು ಯಾಕೆ ಅಳುತ್ತಿದ್ದಾಳೆ ಅಂತ ಕೇಳುವ ತಾಳ್ಮೆ ಮಾತ್ರ ಇಲ್ಲ.

ಚಿತ್ರವೊಂದೇ ಸಾಕಾಗಿದ್ದರೆ ಹೊಸ ಪ್ರಿಂಟ್ ಸಾಕು, ಒಪ್ಪುತ್ತೇನೆ. ಆದರೆ ಇದು ಒಂದು ಕಾಲದಲ್ಲಿ ಕೆಲಸ ಮಾಡಿದ ಕಾಗದ. ಅದರ ಕೆಳಗಿನ ಸಾಲಿನಲ್ಲಿ ಏನಿತ್ತು ಗೊತ್ತಾ? ಈ ಪೋಸ್ಟರ್ ಆ ಸಂಸ್ಥೆಯ ಸ್ವತ್ತು, ನಿಮ್ಮ ಥಿಯೇಟರಿನಲ್ಲಿ ಈ ಸಿನಿಮಾ ಓಡುವಾಗ ಪ್ರದರ್ಶಿಸಲು ಮಾತ್ರ ಅನುಮತಿ, ಆಮೇಲೆ ಕೂಡಲೇ ವಾಪಸ್ ಮಾಡಬೇಕು ಅಂತ. ಆ ಕಾಲದ ಪೋಸ್ಟರುಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲು ಅದು. ಈಗ ಯೋಚಿಸಿ. ವಾಪಸ್ ಹೋದವು ಊರಿಂದ ಊರಿಗೆ ಸುತ್ತಿ ಹರಿದುಹೋದವು. ಎರಡನೇ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಸಂಗ್ರಹಕ್ಕೆ ರಾಶಿ ರಾಶಿ ಹೋದವು. ಉಳಿದವುಗಳಲ್ಲಿ ಎಷ್ಟೋ ಯಾರೋ ವಾಪಸ್ ಕೊಡದೆ ಇಟ್ಟುಕೊಂಡವು. ಥಿಯೇಟರಿನ ಯಾವನೋ ಹುಡುಗ ಇಷ್ಟಪಟ್ಟು ಮನೆಗೆ ಒಯ್ದಿರಬಹುದು. ಯಾರೋ ಮ್ಯಾನೇಜರ್ ಕಪಾಟಿನಲ್ಲಿಟ್ಟು ಮರೆತಿರಬಹುದು. ನಾವು ಇವತ್ತು ನೋಡುತ್ತಿರುವುದು ಹಾಗೆ ನಿಯಮ ಮೀರಿದವರ ಕೃಪೆಯಿಂದ. ಅವರ ಹೆಸರು ಎಲ್ಲೂ ಇಲ್ಲ. ಎಷ್ಟೋ ಪೋಸ್ಟರುಗಳಲ್ಲಿ ಚಿತ್ರ ಬರೆದವರ ಸಹಿಯೂ ಇಲ್ಲ. ಮುದ್ರಿಸಿದವರ ಹೆಸರಿದ್ದರೆ ಅದೂ ಇದೇ ಅಂಚಿನಲ್ಲಿ, ಇದೇ ಸಣ್ಣ ಅಕ್ಷರದಲ್ಲಿ. ದೊಡ್ಡ ಅಕ್ಷರದ ಹೆಸರುಗಳನ್ನು ಕಾಪಾಡಲು ಜಗತ್ತೇ ಇದೆ. ಸಣ್ಣ ಅಕ್ಷರದವರಿಗೆ ಆ ಅಂಚೊಂದೇ ಜಾಗ.

ಬಿಸಿ ಅಂಟಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಇನ್ಯಾರಿಗೂ ಹೀಗಾಗಬಾರದು. ಹಳೆ ಪೋಸ್ಟರನ್ನು ಗಟ್ಟಿ ಮಾಡಬೇಕಾದರೆ ಬಟ್ಟೆಯ ಮೇಲೆ ಕೂರಿಸುವ ಪದ್ಧತಿ ಇದೆ. ಹತ್ತಿ ಕ್ಯಾನ್ವಾಸ್ ಬಿಗಿದು, ಅದರ ಮೇಲೆ ಆಮ್ಲ ಇಲ್ಲದ ಕಾಗದ, ಅದರ ಮೇಲೆ ಪೋಸ್ಟರ್. ಅಂಟು ಗೋಧಿ ಗಂಜಿಯದು. ಮುಂದೆ ಯಾವತ್ತಾದರೂ ಬೇಡವೆನಿಸಿದರೆ ನೀರಿನಲ್ಲಿ ಬಿಡಿಸಬಹುದು. 2012ರಲ್ಲಿ ಹರಾಜಾದ ಒಂದು ರಾಶಿಯ ಸುದ್ದಿ ನೆನಪಾಗುತ್ತದೆ. ಪೆನ್ಸಿಲ್ವೇನಿಯಾದ ಒಂದು ಮನೆಯ ಅಟ್ಟದಲ್ಲಿ ಸಿಕ್ಕ, 1930ರ ಆಸುಪಾಸಿನ 33 ಪೋಸ್ಟರುಗಳು. ಒಂದರ ಮೇಲೊಂದು ವಾಲ್‌ಪೇಪರ್ ಅಂಟಿನಿಂದ ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಹಬೆ ಹಿಡಿದು ಒಂದೊಂದಾಗಿ ಬಿಡಿಸಿದರು. ಹಳೆ ಅಂಟು ನೀರಿಗೆ ಮಣಿಯುತ್ತದೆ. ಪ್ರೆಸ್‌ನಲ್ಲಿ ಕರಗಿಸಿ ಹಾಕಿದ ಅಂಟು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಲ್ಯಾಮಿನೇಷನ್ ಅಂತೂ ಇನ್ನೂ ಕೆಟ್ಟದ್ದು.

ಗೆಳತಿ ಫೋನಿನಲ್ಲಿ ಒಂದು ಫೋಟೋ ಹುಡುಕಿದಳು, ಕೊಟ್ಟ ದಿನ ಮಾವ ಪೋಸ್ಟರನ್ನು ಮಂಚದ ಮೇಲೆ ಹರಡಿ ನಿಂತದ್ದು. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಮೂಲೆಯನ್ನು ದೊಡ್ಡದು ಮಾಡುತ್ತಾ ಹೋದೆವು. ಓರೆಗೆರೆ ಕಾಣುತ್ತದೆ. ಅದರ ಎಡಕ್ಕೆ ಬೂದು ಬಣ್ಣದ ಒಂದಿಷ್ಟು ಚೌಕ. ಅದು ಎರಡು ಅಂಕಿಯೋ, ಅವುಗಳ ಎಡಕ್ಕೆ ಒಂದು 'ಆರ್' ಕೂಡ ಇದೆಯೋ, ಎಷ್ಟು ದಿಟ್ಟಿಸಿದರೂ ತಿಳಿಯಲಿಲ್ಲ. ಅವಳು ಇದೆ ಅಂದಾಗ ನನಗೆ ಇಲ್ಲ ಅನಿಸಿತು, ನಾನು ಇದೆ ಅಂದಾಗ ಅವಳಿಗೆ ಇಲ್ಲ ಅನಿಸಿತು.

ಹಾಗಂತ ಕಪಾಟಿನಲ್ಲಿ ಮುಚ್ಚಿಡಬೇಕು ಅನ್ನುವವಳಲ್ಲ ನಾನು. ಪೋಸ್ಟರ್ ಹುಟ್ಟಿದ್ದೇ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲು. ಗೋಡೆಗೆ ಹಾಕಿ, ಆದರೆ ಬಿಸಿಲು ಬೀಳದ ಗೋಡೆಗೆ. ಗಾಜಿನ ಜಾಗದಲ್ಲಿ ಯುವಿ, ಅಂದರೆ ಅತಿನೇರಳೆ ಕಿರಣ, ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸಿ, ಕಾಗದ ಅದಕ್ಕೆ ತಾಗದಂತೆ ನಡುವೆ ಸ್ವಲ್ಪ ಜಾಗ ಬಿಡಿಸಿ. ಹಿಂದೆ ಆಮ್ಲ ಇಲ್ಲದ ಬೋರ್ಡು ಇರಲಿ, ಅಂಟು ಬೇಡ. ಮ್ಯೂಸಿಯಂಗಳಲ್ಲಿ ಇಂಥ ಕಾಗದದ ಮೇಲೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ), ಅಂದರೆ ಮಂದ ಬೆಳಕು ಮಾತ್ರ ಬಿಡುತ್ತಾರೆ. ಬೆಳಕು ತಿಂದ ಬಣ್ಣ ವಾಪಸ್ ಬರುವುದಿಲ್ಲ. ಆಗಾಗ ಒಂದನ್ನು ಇಳಿಸಿ ಇನ್ನೊಂದನ್ನು ಹಾಕಿದರೆ ಎಲ್ಲಕ್ಕೂ ಆಯುಸ್ಸು ಜಾಸ್ತಿ. ಫ್ರೇಮ್ ಹಾಕುವವರಿಗೆ ಕೊಡುವಾಗ, ಕತ್ತರಿಸಬೇಡಿ, ಅಂಟಿಸಬೇಡಿ ಅಂತ ಚೀಟಿಯಲ್ಲೇ ಬರೆದುಕೊಡಿ.

ಮಾವನಿಗೆ ಇನ್ನೂ ಹೇಳಿಲ್ಲ. ಗೆಳತಿಗೆ ಧೈರ್ಯ ಬಂದಿಲ್ಲ. ಅವರು ಬೈಯುವವರಲ್ಲ, ಸುಮ್ಮನಾಗಿಬಿಡುತ್ತಾರೆ, ಅದೇ ಭಯ ಕಣೇ ಅನ್ನುತ್ತಾಳೆ. ಆದರೂ ಹೇಳಲೇಬೇಕು. ಆ ನಂಬರನ್ನು ಓದಿ ನೆನಪಿಟ್ಟುಕೊಂಡಿರಬಹುದಾದವರು ಅವರೊಬ್ಬರೇ. ಭಾನುವಾರ ಫೋನ್ ಮಾಡೋಣ, ನಾನೂ ಪಕ್ಕದಲ್ಲಿ ಕೂರ್ತೀನಿ ಅಂದಿದ್ದೇನೆ.